ಸ್ಪೇನಿನ ಪ್ರೇಮಕಥೆಗೆ ಮನೆಯಲ್ಲೇ ಕನ್ನಡ ಸಬ್‌ಟೈಟಲ್ ಬರೆಯುವುದು ಹೇಗೆ

‘ಗೆಳತಿ ಅಂತ ಬರೆದಿದ್ದೀಯಲ್ಲ, ಯಾವ ಥರದ ಗೆಳತಿ?’

ಸಾಗರದ ಮನೆಯಲ್ಲಿ ದೊಡ್ಡಮ್ಮ ರಿಮೋಟ್ ಒತ್ತಿ ಕಥೆ ನಿಲ್ಲಿಸಿ ಕೇಳಿದರು. ಟೀವಿಯಲ್ಲಿ ಇಬ್ಬರು ಹೆಂಗಸರು ಅಡುಗೆಮನೆಯಲ್ಲಿ ನಿಂತಿದ್ದರು. ಸ್ಪೇನಿನ ಸರಣಿ, ಕೆಳಗೆ ನಾನು ಬರೆದ ಕನ್ನಡ ಸಾಲು. ದೊಡ್ಡಮ್ಮನಿಗೆ ಎಪ್ಪತ್ತೊಂದು ವರ್ಷ. ಇಂಗ್ಲಿಷ್ ಓದಲು ಬರುವುದಿಲ್ಲ. ಕನ್ನಡವನ್ನು ಮಾತ್ರ ನನಗಿಂತ ಬೇಗ ಓದುತ್ತಾರೆ. ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಸ್ಪ್ಯಾನಿಷ್‌ನಲ್ಲಿ ಆ ಹೆಂಗಸು ‘ಮಿ ನೋವಿಯಾ’ ಅಂದಿದ್ದಳು. ಪಕ್ಕದ ಮನೆಯ ಗೆಳತಿಗೆ ಯಾರೂ ಹಾಗೆ ಹೇಳುವುದಿಲ್ಲ. ತಪ್ಪು ನನ್ನ ಸಾಲಿನಲ್ಲಿತ್ತು. ಅವತ್ತು ರಾತ್ರಿಯೇ ಅದನ್ನು ‘ನನ್ನ ಹುಡುಗಿ’ ಅಂತ ಬದಲಾಯಿಸಿದೆ.

ಹತ್ತು ವರ್ಷ ಬೆಂಗಳೂರಿನ ಒಂದು ಕಚೇರಿಯಲ್ಲಿ ಸ್ಪೇನಿನ ಗ್ರಾಹಕರ ಮೇಲ್‌ಗಳಿಗೆ ಉತ್ತರ ಬರೆಯುತ್ತಿದ್ದೆ. ಸ್ಪ್ಯಾನಿಷ್ ಬಂದದ್ದು ಹಾಗೆ. ಈಗ ನಾಲ್ಕು ವರ್ಷದಿಂದ ಮನೆಯವರಿಗಾಗಿ ಸ್ಪೇನಿನ ಸರಣಿಗಳಿಗೆ ಕನ್ನಡ ಸಬ್‌ಟೈಟಲ್ ಬರೆಯುತ್ತಿದ್ದೇನೆ. ಅದರಲ್ಲೂ ಸಾಮಾನ್ಯ ಚೌಕಟ್ಟಿಗೆ ಸಿಗದ ಪ್ರೀತಿಯ ಕಥೆಗಳಿಗೆ. ಅಂಥ ಕಥೆಗಳಲ್ಲಿ ಒಂದು ಪದ ತಪ್ಪಿದರೂ ಇಡೀ ಸಂಬಂಧ ಬೇರೆಯಾಗಿ ಕಾಣುತ್ತದೆ. ನೀವೂ ಈ ಕೆಲಸಕ್ಕೆ ಕೈಹಾಕುವುದಾದರೆ ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

ಮೊದಲು ಹೆಸರು, ಆಮೇಲೆ ಇಸವಿ

ನನ್ನನ್ನು ಈ ಕೆಲಸಕ್ಕೆ ಎಳೆದದ್ದು ‘ದೆಲಿರಿಯೋಸ್ ದೆ ಆಮೊರ್’ ಅನ್ನುವ ಹೆಸರು. ಸ್ಪೇನಿನ ಸರ್ಕಾರಿ ವಾಹಿನಿ ಟಿವಿಇ 1989ರಲ್ಲಿ ತಂದ ಸರಣಿ ಅದು. ಪ್ರತಿ ಕಂತಿಗೂ ಬೇರೆ ಕಥೆ, ಬೇರೆ ಜನ, ಬೇರೆ ನಿರ್ದೇಶಕರು. ಅದರಲ್ಲಿ ‘ಪಾರ್ಪದೋಸ್’ ಅನ್ನುವ ಕಂತನ್ನು ಮಾಡಿದ್ದು ಇವಾನ್ ಥುಲುಯೇತಾ. ‘ಪಾರ್ಪದೋಸ್’ ಅಂದರೆ ಕಣ್ಣಿನ ರೆಪ್ಪೆಗಳು. ಮ್ಯಾಡ್ರಿಡ್‌ನ ಆ ಕಾಲದ ಹೊಸ ಅಲೆಯಲ್ಲಿ ಈತನದು ದೊಡ್ಡ ಹೆಸರು. ಹೆಸರಾಂತ ನಿರ್ದೇಶಕ ಅಲ್ಮೊದೊವಾರ್‌ನ ಶುರುವಿನ ಸಿನಿಮಾಗಳಿಗೆ ಪೋಸ್ಟರ್ ಬರೆದದ್ದೂ ಇವನೇ.

ಈ ಸರಣಿಯ ಹೆಸರನ್ನು ಕನ್ನಡಕ್ಕೆ ತರಲು ನನಗೆ ಒಂದು ವಾರ ಹಿಡಿಯಿತು. ‘ಪ್ರೀತಿಯ ಹುಚ್ಚು’ ಅಂತ ಸುಲಭವಾಗಿ ಬರೆಯಬಹುದಿತ್ತು. ಆದರೆ ಹುಚ್ಚು ಅಂದ ಕೂಡಲೇ ಆ ಜನರ ಮೇಲೆ ತೀರ್ಪು ಕೊಟ್ಟ ಹಾಗಾಗುತ್ತದೆ. ‘ದೆಲಿರಿಯೊ’ ಅಂದರೆ ಜ್ವರ ಏರಿದಾಗ ಬಡಬಡಿಸುವುದು. ದೊಡ್ಡಮ್ಮನನ್ನು ಕೇಳಿದೆ, ಜ್ವರ ನೆತ್ತಿಗೇರಿ ಏನೇನೋ ಮಾತಾಡ್ತಾರಲ್ಲ, ಅದಕ್ಕೆ ಏನಂತಾರೆ ಅಂತ. ‘ಸನ್ನಿ’ ಅಂದರು, ಹಪ್ಪಳ ಮಗುಚುತ್ತಲೇ. ‘ಒಲವಿನ ಸನ್ನಿ’. ಸನ್ನಿ ಹಿಡಿಯುತ್ತದೆ, ಇಳಿಯುತ್ತದೆ, ಹಿಡಿದವರದು ತಪ್ಪು ಅಂತ ಯಾರೂ ಹೇಳುವುದಿಲ್ಲ. ನನಗೆ ಬೇಕಾದದ್ದು ಅದೇ.

ಹೆಸರು ಗಟ್ಟಿಯಾದ ಮೇಲೆ ಇಸವಿ ನೋಡಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಕಥೆ ನಡೆಯುವುದು ಯಾವ ವರ್ಷ ಅನ್ನುವುದರ ಮೇಲೆ ನಿಮ್ಮ ಪದಗಳು ನಿಲ್ಲುತ್ತವೆ. ಸ್ಪೇನಿನ ಸರ್ವಾಧಿಕಾರಿ ಫ್ರಾಂಕೊ ಸತ್ತದ್ದು 1975ರ ನವೆಂಬರ್‌ನಲ್ಲಿ. ಅವನ ಕಾಲದ ಕಾನೂನಿನಲ್ಲಿ ಮದುವೆಯಾದ ಹೆಂಗಸು ಬೇರೊಬ್ಬನ ಜೊತೆ ಒಮ್ಮೆ ಹೋದರೂ ಅಪರಾಧ. ಗಂಡಸಾದರೆ, ಇನ್ನೊಬ್ಬಳನ್ನು ಮನೆಯಲ್ಲೇ ಅಥವಾ ಊರಿಗೆಲ್ಲ ಗೊತ್ತಾಗುವ ಹಾಗೆ ಇಟ್ಟುಕೊಂಡರೆ ಮಾತ್ರ ಅಪರಾಧ. ಈ ಕಾನೂನು ಹೋದದ್ದು 1978ರಲ್ಲಿ. ಸಲಿಂಗಿಗಳನ್ನು ‘ಸಮಾಜಕ್ಕೆ ಅಪಾಯ’ದ ಪಟ್ಟಿಯಿಂದ ಕೈಬಿಟ್ಟದ್ದು ಅದರ ಬೆನ್ನಿಗೇ. ವಿಚ್ಛೇದನ ಮತ್ತೆ ಬಂದದ್ದು 1981ರಲ್ಲಿ. ಹೀಗಾಗಿ 1989ರ ಕಥೆಯಲ್ಲಿ ನಲವತ್ತು ದಾಟಿದ ಹೆಂಗಸೊಬ್ಬಳು ತನ್ನ ಪ್ರಿಯಕರನ ಬಗ್ಗೆ ಮಾತಾಡಿದರೆ, ಅವಳು ತನ್ನ ಹರೆಯದಲ್ಲಿ ಜೈಲಿಗೆ ಹೋಗಬಹುದಾಗಿದ್ದ ವಿಷಯದ ಬಗ್ಗೆ ಮಾತಾಡುತ್ತಿದ್ದಾಳೆ. ಅವಳ ಧ್ವನಿ ಯಾಕೆ ತಗ್ಗುತ್ತದೆ ಅಂತ ಆಗ ತಿಳಿಯುತ್ತದೆ. ನಮ್ಮಲ್ಲಿ ಸಲಿಂಗ ಪ್ರೀತಿ, ವ್ಯಭಿಚಾರ ಎರಡೂ ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು ಒಂದೇ ತಿಂಗಳಲ್ಲಿ, 2018ರ ಸೆಪ್ಟೆಂಬರ್‌ನಲ್ಲಿ. ಹಾಗಾಗಿ ಆ ತಗ್ಗಿದ ಧ್ವನಿ ನಮ್ಮ ಮನೆಗಳಿಗೆ ಹೊಸತೇನಲ್ಲ.

ಇದು ಪದಗಳಲ್ಲಿ ಹೇಗೆ ಕಾಣಿಸುತ್ತದೆ? ‘ಆಮಾಂತೆ’, ಅಂದರೆ ಮದುವೆಯ ಹೊರಗಿನ ಪ್ರೇಮಿ, ಅನ್ನುವ ಪದ ಬಂದಾಗ ನಮ್ಮ ಬಾಯಿಗೆ ಮೊದಲು ಬರುವುದು ‘ಇಟ್ಟುಕೊಂಡವಳು’. ಅದರಲ್ಲಿ ಬೈಗುಳ ಇದೆ, ‘ಆಮಾಂತೆ’ಯಲ್ಲಿ ಇಲ್ಲ. ಬೈಯುವ ಪಾತ್ರ ಹೇಳಿದರೆ ಮಾತ್ರ ಹಾಗೆ ಬರೆಯಿರಿ. ಪ್ರೀತಿಸುವವರೇ ಹೇಳಿದರೆ ‘ನನ್ನವಳು’, ‘ನನ್ನವನು’ ಸಾಕು. ಇನ್ನೊಂದು, ‘ಮಿ ಮುಹೆರ್’. ಅಕ್ಷರಕ್ಕೆ ‘ನನ್ನ ಹೆಂಗಸು’, ಬಳಕೆಯಲ್ಲಿ ‘ನನ್ನ ಹೆಂಡತಿ’. ಸ್ಪೇನಿನಲ್ಲಿ ಸಲಿಂಗ ಮದುವೆಗೆ ಕಾನೂನು ಜಾರಿಗೆ ಬಂದದ್ದು 2005ರ ಜುಲೈ 3ರಂದು. ಆ ದಿನದ ನಂತರದ ಕಥೆಯಲ್ಲಿ ಹೆಂಗಸೊಬ್ಬಳು ‘ಮಿ ಮುಹೆರ್’ ಅಂದರೆ ಹಿಂಜರಿಯದೆ ‘ನನ್ನ ಹೆಂಡತಿ’ ಅಂತಲೇ ಹಾಕಿ. ಅದು ಕಾನೂನಿನ ಮಾತು. 1989ರ ಕಥೆಯಲ್ಲಿ ಅದೇ ಮಾತು ಬಂದರೂ ಹೆಂಡತಿ ಅಂತಲೇ ಬರೆಯಿರಿ, ಆದರೆ ಅವಳು ಆಗ ಹಕ್ಕಿಲ್ಲದ ಪದವನ್ನು ಧೈರ್ಯವಾಗಿ ಬಳಸುತ್ತಿದ್ದಾಳೆ ಅನ್ನುವುದು ನಿಮಗೆ ಗೊತ್ತಿರಬೇಕು. ಅಂಥ ಸಾಲಿಗೆ ನಾನು ಪರದೆಯ ಮೇಲೆ ಅರ್ಧ ಸೆಕೆಂಡು ಜಾಸ್ತಿ ಕೊಡುತ್ತೇನೆ.

ಇಂಗ್ಲಿಷ್ ಸಬ್‌ಟೈಟಲ್ ಆಫ್ ಮಾಡಿ

ಇಂಗ್ಲಿಷ್ ಸಾಲುಗಳನ್ನು ಇಟ್ಟುಕೊಂಡು ಕನ್ನಡಕ್ಕೆ ತರಬೇಡಿ. ಸ್ಪ್ಯಾನಿಷ್‌ನಲ್ಲೂ ಕನ್ನಡದಲ್ಲೂ ಇರುವ ಎಷ್ಟೋ ಸಂಗತಿ ಇಂಗ್ಲಿಷ್‌ನಲ್ಲಿ ಇಲ್ಲ. ಮಧ್ಯದಲ್ಲಿ ಇಂಗ್ಲಿಷ್ ಬಂದರೆ ಅವು ಅಲ್ಲೇ ಉದುರಿ ಹೋಗುತ್ತವೆ.

ನೀನು, ನೀವು ನೋಡಿ. ಸ್ಪ್ಯಾನಿಷ್‌ನಲ್ಲಿ ‘ತೂ’ ಅಂದರೆ ನೀನು, ‘ಉಸ್ತೆದ್’ ಅಂದರೆ ನೀವು. ವಯಸ್ಸಾದ ಇಬ್ಬರು ಉಸ್ತೆದ್‌ನಲ್ಲಿ ಶುರು ಮಾಡಿ ಒಂದು ಸಾಯಂಕಾಲ ತೂಗೆ ಇಳಿದರೆ ಕಥೆಯ ಅರ್ಧ ಅಲ್ಲೇ ನಡೆದು ಹೋಯಿತು. ಇಂಗ್ಲಿಷ್‌ನಲ್ಲಿ ಇದು ಕಾಣುವುದೇ ಇಲ್ಲ. ಕನ್ನಡದಲ್ಲಿ ‘ಕಾಫಿ ಕುಡೀತೀರಾ’ ಇದ್ದದ್ದು ‘ಕಾಫಿ ಕುಡೀತೀಯಾ’ ಆದರೆ ದೊಡ್ಡಮ್ಮ ತಾವಾಗಿಯೇ ಹುಬ್ಬು ಏರಿಸುತ್ತಾರೆ. ಪ್ರತಿ ಕಂತಿಗೂ ಹೊಸ ಜನ ಬರುವ ಸರಣಿಯಲ್ಲಿ ಇದು ಇನ್ನೂ ಮುಖ್ಯ. ಯಾರು ಯಾರಿಗೆ ಏನಾಗಬೇಕು ಅಂತ ಹೇಳಲು ನಿಮಗೆ ಸಿಗುವುದು ಮೊದಲ ಐದು ನಿಮಿಷ ಅಷ್ಟೇ.

ಸ್ಪ್ಯಾನಿಷ್ ಬಾರದವರೂ ಇದನ್ನು ಹಿಡಿಯಬಹುದು. ಸ್ಪ್ಯಾನಿಷ್ ಸಬ್‌ಟೈಟಲನ್ನೇ ಹಾಕಿ, ಕ್ರಿಯಾಪದದ ಕೊನೆ ಕೇಳಿ. ‘ಕಿಯೆರೆಸ್’ ಅಂತ ‘ಸ್’ ಬಂದರೆ ನೀನು. ‘ಕಿಯೆರೆ’ ಅಂತ ‘ಸ್’ ಇಲ್ಲದೆ ನಿಂತರೆ ನೀವು, ಇಲ್ಲವೇ ಅವನು ಅಥವಾ ಅವಳು. ನಡೆದು ಹೋದ ಮಾತಾದರೆ ‘ಯಾಮಾಸ್ತೆ’ ಥರ ಕೊನೆಗೆ ‘ಸ್ತೆ’ ಬರುತ್ತದೆ, ಅದೂ ನೀನು. ‘ಮೊಸ್’ ಅಂತ ಮುಗಿದರೆ ನಾವು. ಒಂದು ಕಂತು ಹೀಗೆ ಕಿವಿಗೊಟ್ಟು ಕೇಳಿದರೆ ಅಭ್ಯಾಸವಾಗುತ್ತದೆ. ಒಂದು ಎಚ್ಚರ: ಈಗಿನ ಸ್ಪೇನಿನವರು ಅತ್ತೆಗೂ ಬಾಸ್‌ಗೂ ‘ತೂ’ ಅನ್ನುತ್ತಾರೆ. ಅದನ್ನು ಹಾಗೇ ಇಳಿಸಿದರೆ ಕನ್ನಡದಲ್ಲಿ ಸೊಸೆ ಅತ್ತೆಯ ಜೊತೆ ಜಗಳಕ್ಕೆ ನಿಂತ ಹಾಗೆ ಕೇಳುತ್ತದೆ. ಅಲ್ಲಿ ನಾನು ‘ನೀವು’ ಹಾಕುತ್ತೇನೆ. ಪ್ರೇಮಿಗಳ ನಡುವೆ ಮಾತ್ರ ಅವರು ಹೇಳಿದ್ದನ್ನು ಮೀರುವುದಿಲ್ಲ.

‘ಸಂಗಾತಿ ಫೋನ್ ಮಾಡಿದ್ರು’

ಇದು ನನ್ನನ್ನು ಜಾಸ್ತಿ ಕಾಡಿದ ವಿಷಯ. ಸ್ಪ್ಯಾನಿಷ್‌ನಲ್ಲಿ ‘ಪರೇಹಾ’ ಅಂತ ಒಂದು ಪದ ಇದೆ. ಜೊತೆಗೆ ಬಾಳುವವರು ಅಂತ ಅರ್ಥ. ಗಂಡಸಿಗೂ ಅದೇ, ಹೆಂಗಸಿಗೂ ಅದೇ. ‘ಯಾಮೊ’ ಅಂದರೆ ಫೋನ್ ಮಾಡಿದ, ಇಲ್ಲವೇ ಫೋನ್ ಮಾಡಿದಳು. ಕರ್ತೃವನ್ನು ಹೇಳಲೇಬೇಕು ಅಂತಿಲ್ಲ. ಹಾಗಾಗಿ ಸ್ಪೇನಿನ ಪಾತ್ರವೊಂದು ಅರ್ಧ ಗಂಟೆ ತನ್ನ ಪ್ರೀತಿಯ ಬಗ್ಗೆ ಮಾತಾಡಿ, ಅದು ಗಂಡೋ ಹೆಣ್ಣೋ ಅಂತ ಬಿಟ್ಟುಕೊಡದೆ ಇರಬಹುದು. ಎಷ್ಟೋ ಸಲ ಬರೆದವರು ಬೇಕಂತಲೇ ಹಾಗೆ ಬರೆದಿರುತ್ತಾರೆ. ಪಾತ್ರಕ್ಕೆ ಹೆದರಿಕೆ ಇರುತ್ತದೆ, ಕೇಳುವವರು ಯಾರು ಅಂತ ಅಳೆಯುತ್ತಿರುತ್ತದೆ.

ಕನ್ನಡದ ಕ್ರಿಯಾಪದ ಗುಟ್ಟು ಇಟ್ಟುಕೊಳ್ಳುವುದಿಲ್ಲ. ಮಾಡಿದ, ಮಾಡಿದಳು. ಎರಡರಲ್ಲಿ ಒಂದನ್ನು ಬರೆದ ಕೂಡಲೇ ಪಾತ್ರ ಬಚ್ಚಿಟ್ಟದ್ದನ್ನು ನೀವು ಬಯಲು ಮಾಡಿದಿರಿ.

‘ಸಂಗಾತಿ’ ಅನ್ನುವ ಪದ ನಮ್ಮ ಕೈಹಿಡಿಯುತ್ತದೆ, ಅದರಲ್ಲಿ ಲಿಂಗ ಇಲ್ಲ. ಆದರೆ ಕ್ರಿಯಾಪದ? ಬಹುವಚನ ಹಾಕಿದರೆ ಆಯ್ತಲ್ವಾ ಅಂತ ನಾನೂ ಅಂದುಕೊಂಡಿದ್ದೆ. ‘ಸಂಗಾತಿ ಫೋನ್ ಮಾಡಿದ್ರು’ ಅಂತ ಬರೆದೆ. ಓದಿದ ದೊಡ್ಡಮ್ಮ ‘ಅವಳ ಗಂಡನಾ?’ ಅಂದರು. ಯೋಚಿಸಿದರೆ ಅವರ ಕಿವಿಗೆ ಅದು ಹಾಗೇ ಕೇಳಬೇಕು. ‘ನಮ್ಮೋರು ಬಂದ್ರು’, ‘ಅವರು ಊಟ ಮಾಡಿದ್ರು’ ಅಂತ ನಮ್ಮ ಹೆಂಗಸರು ಹೇಳುವುದು ಗಂಡನ ಬಗ್ಗೆ. ಗೌರವದ ‘ರು’ ಲಿಂಗವನ್ನು ಮುಚ್ಚುತ್ತದೆ ನಿಜ, ಆದರೆ ಮುಚ್ಚುವಾಗ ಗಂಡನ ಪಂಚೆಯನ್ನೇ ಹೊದಿಸುತ್ತದೆ.

ಇದಕ್ಕೆ ನಾನು ಕಂಡುಕೊಂಡ ದಾರಿ ಇದು. ಕೆಲಸ ಮಾಡಿದವರನ್ನು ಬಿಟ್ಟು ಕೆಲಸವನ್ನೇ ಮುಂದೆ ತನ್ನಿ. ‘ಸಂಗಾತಿಯ ಫೋನ್ ಬಂತು.’ ‘ಕಾಗದದಲ್ಲಿ ಹೀಗೆ ಇತ್ತು.’ ‘ನಿನ್ನೆ ಮತ್ತೆ ಜಗಳ ಆಯ್ತು.’ ‘ಮನೆ ಬಿಟ್ಟು ಹೋಗಿ ಆರು ತಿಂಗಳಾಯ್ತು.’ ಬಂತು, ಇತ್ತು, ಆಯ್ತು ಯಾರನ್ನೂ ಬಿಟ್ಟುಕೊಡುವುದಿಲ್ಲ. ನಮ್ಮ ಮನೆಗಳಲ್ಲಿ ಹೇಳಲಾಗದ ವಿಷಯ ಹೇಳುವಾಗ ಜನ ಮಾತಾಡುವುದೂ ಹೀಗೇ ಅಲ್ವಾ? ಆಮೇಲೆ ಪಾತ್ರವೇ ಬಾಯಿಬಿಟ್ಟು ‘ಅವಳು’ ಅಂದಾಗ ನಿಮ್ಮ ಸಾಲಿನಲ್ಲೂ ಮೊದಲ ಸಲ ‘ಅವಳು’ ಬರಲಿ. ಒಂದು ಸಾಲು ಮೊದಲೂ ಬೇಡ, ಒಂದು ಸಾಲು ತಡವೂ ಬೇಡ.

ಇದಕ್ಕೆ ಉಲ್ಟಾ ತೊಂದರೆಯೂ ಇದೆ. ‘ನಾನು’ ಅಂದಾಗ ಕನ್ನಡದಲ್ಲಿ ಲಿಂಗ ಇಲ್ಲ, ಸ್ಪ್ಯಾನಿಷ್‌ನಲ್ಲಿ ಇದೆ. ‘ಸುಸ್ತಾಗಿದೆ’ ಅನ್ನಲು ಗಂಡು ‘ಕಾನ್ಸಾದೊ’ ಅನ್ನುತ್ತಾನೆ, ಹೆಣ್ಣು ‘ಕಾನ್ಸಾದಾ’. 2020ರ ‘ವೆನೆನೊ’ ಅನ್ನುವ ಎಂಟು ಕಂತಿನ ಸರಣಿಯಲ್ಲಿ ಇದು ಬಹಳ ಮುಖ್ಯ. ದಕ್ಷಿಣ ಸ್ಪೇನಿನ ಆಂದಲೂಸಿಯಾದಲ್ಲಿ, ಆಲ್ಮೆರಿಯಾ ಕಡೆಯ ಆದ್ರಾ ಅನ್ನುವ ಊರಲ್ಲಿ ಹುಡುಗನಾಗಿ ಬೆಳೆದು, ಕ್ರಿಸ್ತಿನಾ ಆಗಿ, 1996ರಲ್ಲಿ ಟೀವಿಯಿಂದ ಸ್ಪೇನಿಗೆಲ್ಲ ಗೊತ್ತಾದ ಟ್ರಾನ್ಸ್ ಮಹಿಳೆ ಕ್ರಿಸ್ತಿನಾ ಓರ್ತಿಸ್ ಅವರ ಜೀವನ ಅದು. ದೊಡ್ಡವಳಾದ ಕ್ರಿಸ್ತಿನಾಳನ್ನು ಬೇರೆ ಬೇರೆ ವಯಸ್ಸಿನಲ್ಲಿ ಮೂವರು ಟ್ರಾನ್ಸ್ ನಟಿಯರೇ ಮಾಡಿದ್ದಾರೆ. ಅವಳ ಜೀವದ ಗೆಳತಿ ಪಾಕಾ ‘ಲಾ ಪಿರಾನ್ಯಾ’ ತನ್ನ ಪಾತ್ರವನ್ನು ತಾನೇ ಮಾಡಿದ್ದಾಳೆ. ಇಂಥ ಕಥೆಯಲ್ಲಿ ಒಬ್ಬರು ತಮ್ಮ ಬಗ್ಗೆ ‘ಆ’ ಅಂತ ಮುಗಿಸುತ್ತಾರೋ ‘ಒ’ ಅಂತ ಮುಗಿಸುತ್ತಾರೋ ಅನ್ನುವುದೇ ಒಂದು ಘಟನೆ. ಕನ್ನಡದಲ್ಲಿ ‘ನಂಗೆ ಸುಸ್ತಾಗಿದೆ’ ಅಂತ ಬರೆದರೆ ಆ ಘಟನೆ ನಡೆಯಲೇ ಇಲ್ಲ.

ಹುಡುಕಿದರೆ ನಮ್ಮಲ್ಲೂ ದಾರಿ ಇದೆ. ‘ಸೋಲಾ’ ಬಂದರೆ ‘ಒಬ್ಬಳೇ’. ‘ಸೋಲೊ’ ಬಂದರೆ ‘ಒಬ್ಬನೇ’. ‘ನಾನೊಬ್ಬಳೇ ಇದ್ದೀನಿ’ ಅನ್ನುವುದಕ್ಕಿಂತ ಸಹಜವಾದ ಕನ್ನಡ ಯಾವುದಿದೆ? ‘ನಾನೇನು ದಡ್ಡಿಯಾ’, ‘ಸೋತವಳು ನಾನಲ್ಲ’, ‘ಇಷ್ಟು ದೂರ ಬಂದವಳು ನಾನು’. ಇಂಥ ಪದಗಳ ಒಂದು ಪಟ್ಟಿ ಬರೆದು ಪಕ್ಕದಲ್ಲಿ ಇಟ್ಟುಕೊಳ್ಳಿ. ನನ್ನ ನೋಟ್‌ಬುಕ್‌ನ ಕೊನೆಯ ಹಾಳೆಯಲ್ಲಿ ಇಪ್ಪತ್ತಾರು ಇವೆ.

ಟ್ರಾನ್ಸ್ ಮಹಿಳೆ ಅನ್ನುವಲ್ಲಿ ‘ಜೋಗತಿ’ ಅಂತ ಹಾಕಬೇಡಿ. ಆ ಪದಕ್ಕೆ ಎಲ್ಲಮ್ಮನ ಮುತ್ತು, ಚೌಡಿಕೆ, ತಲೆಯ ಮೇಲಿನ ಕೊಡ ಎಲ್ಲ ಸೇರಿವೆ. ಮಂಜಮ್ಮ ಜೋಗತಿಯವರಿಗೆ ಪದ್ಮಶ್ರೀ ಬಂದ ಮೇಲೆ ಆ ಪದದ ಗೌರವ ಇನ್ನೂ ಹೆಚ್ಚಿದೆ. ಆಂದಲೂಸಿಯಾದ ಹೆಣ್ಣಿನ ಮೇಲೆ ಅದನ್ನು ಹೊರಿಸಿದರೆ ಇಬ್ಬರಿಗೂ ಅನ್ಯಾಯ. ‘ಟ್ರಾನ್ಸ್’ ಅಂತಲೇ ಬರೆಯಿರಿ, ಈಗ ಎಲ್ಲರಿಗೂ ಗೊತ್ತು. ಇನ್ನು ಬೈಗುಳಗಳು. ನೋಯಿಸಲು ಬೈದಿದ್ದರೆ ನೋಯುವ ಪದವನ್ನೇ ಹಾಕಿ. ತಿಳಿ ಮಾಡಿದರೆ ಬೈಸಿಕೊಂಡ ಮಗು ಯಾಕೆ ಅತ್ತಿತು ಅಂತ ನೋಡುವವರಿಗೆ ತಿಳಿಯುವುದಿಲ್ಲ. ಅದೇ ಪದವನ್ನು ಗೆಳೆಯರು ಸಲುಗೆಯಿಂದ ಬಳಸಿದರೆ ಬೇರೆ ದಾರಿ. ಸ್ಪೇನಿನಲ್ಲಿ ಗಂಡಸರೇ ಒಬ್ಬರಿಗೊಬ್ಬರು ‘ತೀಯಾ’ ಅಂತ ಹೆಣ್ಣಿನ ಹಾಗೆ ಕರೆದುಕೊಳ್ಳುವುದುಂಟು. ಅಲ್ಲಿ ನಾನು ‘ಕಣೇ’ ಹಾಕುತ್ತೇನೆ. ‘ಬಾರೇ, ಸಾಕು ಕಣೇ.’ ಎರಡು ಅಕ್ಷರದಲ್ಲಿ ಸಲುಗೆಯೂ ಬಂತು, ಆಟವೂ ಬಂತು.

‘ತೆ ಕಿಯೆರೊ’

ಇದನ್ನು ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಅಂತ ಬರೆಯಬೇಡಿ. ಯಾರ ಮನೆಯಲ್ಲಿ ಹಾಗೆ ಮಾತಾಡುತ್ತಾರೆ? ಸ್ಪೇನಿನವರು ‘ತೆ ಕಿಯೆರೊ’ ಅಂತ ಅಮ್ಮನಿಗೂ ಹೇಳುತ್ತಾರೆ, ಗೆಳೆಯನಿಗೂ ಹೇಳುತ್ತಾರೆ, ಹಾಸಿಗೆಯಲ್ಲೂ ಹೇಳುತ್ತಾರೆ. ‘ತೆ ಆಮೊ’ ಅದಕ್ಕಿಂತ ಭಾರದ ಮಾತು, ಅಲ್ಲಿ ಬಳಕೆ ಕಡಿಮೆ. ‘ತೆ ಕಿಯೆರೊ’ಗಿಂತ ಕೆಳಗಿನ ಮೆಟ್ಟಿಲು ‘ಮೆ ಗುಸ್ತಾಸ್’. ನಾನು ಮೂರನ್ನೂ ಬೇರೆ ಬೇರೆ ಇಡುತ್ತೇನೆ. ‘ನೀನು ನಂಗೆ ಇಷ್ಟ’, ‘ನೀನಂದ್ರೆ ಪ್ರೀತಿ ನಂಗೆ’, ‘ನೀನಂದ್ರೆ ಜೀವ’. ಒಂದು ಕಂತಿನಲ್ಲಿ ‘ಜೀವ’ ಒಂದೇ ಸಲ ಬರಬೇಕು. ಎರಡನೇ ಸಲ ಬರೆಯುವ ಮನಸ್ಸಾದರೆ ಸ್ಪ್ಯಾನಿಷ್ ಸಾಲನ್ನು ಇನ್ನೊಮ್ಮೆ ಕೇಳಿ.

ಫೈಲು, ಫಾಂಟು, ಪೆನ್‌ಡ್ರೈವ್

ಇದು ಬೇಗ ಮುಗಿಯುವ ವಿಷಯ. ‘ಸಬ್‌ಟೈಟಲ್ ಎಡಿಟ್’ ಅನ್ನುವ ಸಾಫ್ಟ್‌ವೇರ್ ಉಚಿತ. ಸಬ್‌ಟೈಟಲ್ ಇಡುವ ಎಸ್‌ಆರ್‌ಟಿ ಫೈಲಿನಲ್ಲಿ ಪ್ರತಿ ಸಾಲಿಗೂ ಒಂದು ಸಂಖ್ಯೆ, ಅದರ ಕೆಳಗೆ 00:01:12,400 --> 00:01:15,200 ಅನ್ನುವ ಥರ ಸಮಯ, ಅದರ ಕೆಳಗೆ ಮಾತು, ಆಮೇಲೆ ಒಂದು ಖಾಲಿ ಸಾಲು. ಅಷ್ಟೇ. ಉಳಿಸುವಾಗ ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಫೈಲಿನಲ್ಲಿ ಕೂಡಿಡುವ ರೀತಿ, ಯುಟಿಎಫ್-8 ಇರಲೇಬೇಕು. ನಾನು ಮೊದಲ ಸಲ ಇದನ್ನು ಮರೆತೆ. ಮೈಸೂರಿನಿಂದ ಸಾಗರಕ್ಕೆ ಪೆನ್‌ಡ್ರೈವ್ ತಂದು, ಎಲ್ಲರೂ ಕೂತ ಮೇಲೆ ಹಾಕಿದರೆ ಪರದೆಯ ತುಂಬ ಪ್ರಶ್ನೆ ಚಿಹ್ನೆಗಳು. ಅವತ್ತು ರಾತ್ರಿ ನಾನು ಪಕ್ಕದಲ್ಲಿ ಕೂತು ಬಾಯಲ್ಲೇ ಹೇಳಿದೆ, ಗಂಟಲು ಕಟ್ಟಿತು. ಈಗ ಹೊರಡುವ ಮುಂಚೆ ಬೇರೆ ಒಂದು ಟೀವಿಯಲ್ಲಿ ಹಾಕಿ ನೋಡುತ್ತೇನೆ. ಕೆಲವು ಟೀವಿಗಳು ಕನ್ನಡದ ಒತ್ತಕ್ಷರ ಒಡೆದು ತೋರಿಸುತ್ತವೆ. ಆಗ ಲ್ಯಾಪ್‌ಟಾಪ್‌ನಲ್ಲಿ ವಿಎಲ್‌ಸಿ ಅನ್ನುವ ವಿಡಿಯೊ ಪ್ಲೇಯರ್ ಹಾಕಿ, ಅದರ ಸೆಟ್ಟಿಂಗ್‌ನಲ್ಲಿ ನೋಟೊ ಸಾನ್ಸ್ ಕನ್ನಡ ಫಾಂಟ್ ಆರಿಸಿ, ಕೇಬಲ್‌ನಲ್ಲಿ ಟೀವಿಗೆ ಜೋಡಿಸಿ. ಮಾತಿಗೂ ಸಾಲಿಗೂ ಹೊಂದದಿದ್ದರೆ ಜಿ ಮತ್ತು ಎಚ್ ಕೀಗಳು ಸಾಲನ್ನು ಹಿಂದೆ ಮುಂದೆ ಸರಿಸುತ್ತವೆ. ವಿಡಿಯೊ ಫೈಲಿಗೂ ಸಬ್‌ಟೈಟಲ್ ಫೈಲಿಗೂ ಒಂದೇ ಹೆಸರು ಕೊಡಿ, ತಾನಾಗಿಯೇ ಸೇರಿಕೊಳ್ಳುತ್ತದೆ. ಮನೆಮಟ್ಟಿಗೆ ಇಟ್ಟುಕೊಳ್ಳಿ. ಹೊರಗೆ ಹಂಚುವ ಆಸೆ ಇದ್ದರೆ ಹಕ್ಕಿರುವವರನ್ನು ಕೇಳಿಯೇ ಹಂಚಿ.

ಉದ್ದದ ವಿಷಯ ಒಂದು ಹೇಳಬೇಕು. ಕನ್ನಡದಲ್ಲಿ ಪದ ಎಣಿಸಬೇಡಿ, ಅಕ್ಷರ ಎಣಿಸಿ. ‘ಹೇಳಿಕೊಳ್ಳಬೇಕಾಗಿರುತ್ತದೆ’ ಒಂದೇ ಪದ, ಆದರೆ ಓದುವಷ್ಟರಲ್ಲಿ ಮುಖದ ಭಾವ ಮುಗಿದಿರುತ್ತದೆ. ನಾನು ದೊಡ್ಡಮ್ಮನ ಓದನ್ನು ಮೊಬೈಲ್ ಸ್ಟಾಪ್‌ವಾಚ್‌ನಲ್ಲಿ ಅಳೆದಿದ್ದೇನೆ. ಅವರಿಗೆ ಒಂದು ಸೆಕೆಂಡಿಗೆ ಎಂಟು ಅಕ್ಷರ ಆರಾಮಾಗಿ ಹೋಗುತ್ತದೆ. ನಿಮ್ಮ ಮನೆಯಲ್ಲಿ ಓದುವವರು ಯಾರೋ ಅವರನ್ನೇ ಅಳೆದು ನೋಡಿ. ಮೌನ ಇರುವ ಕಡೆ ಸಾಲನ್ನು ಎಳೆದು ನಿಲ್ಲಿಸಬೇಡಿ. ಇಬ್ಬರು ಸುಮ್ನೆ ಒಬ್ಬರನ್ನೊಬ್ಬರು ನೋಡುತ್ತಿದ್ದರೆ ಪರದೆ ಖಾಲಿ ಇರಲಿ.

ಎಲ್ಲ ಮುಗಿದ ಮೇಲೆ ವಿಡಿಯೊ ನಿಲ್ಲಿಸಿ, ಬರೀ ಸಾಲುಗಳನ್ನು ಯಾರ ಕೈಲಾದರೂ ಗಟ್ಟಿಯಾಗಿ ಓದಿಸಿ. ಎಲ್ಲಿ ನಾಲಿಗೆ ತಡವರಿಸುತ್ತದೋ ಅಲ್ಲಿ ಸ್ಪ್ಯಾನಿಷ್ ಇನ್ನೂ ಒಳಗೆ ಉಳಿದಿದೆ ಅಂತ ಅರ್ಥ. ‘ವೆನೆನೊ’ ಕಂತುಗಳನ್ನು ನಾನು ಹಾಗೆ ದೊಡ್ಡಮ್ಮನ ಕೈಲಿ ಓದಿಸಿದೆ. ಕನ್ನಡಕ ಏರಿಸಿ, ಲ್ಯಾಪ್‌ಟಾಪ್ ಹತ್ತಿರ ಎಳೆದುಕೊಂಡು ಓದುತ್ತಾ ಹೋದರು. ಮೊದಲ ಎರಡು ಕಂತು ನೋಡುವಾಗ ಅವರು ಕ್ರಿಸ್ತಿನಾಳನ್ನು ‘ಆ ಹುಡುಗ’ ಅಂತಲೇ ಕರೆಯುತ್ತಿದ್ದರು. ನಾನು ತಿದ್ದಲು ಹೋಗಿರಲಿಲ್ಲ. ‘ಒಬ್ಬಳೇ’ ಅಂತ ನಾನು ಹಾಕಿದ್ದ ಸಾಲು ಬಂದಾಗ ಅದನ್ನು ಎರಡು ಸಲ ಓದಿದರು. ಬೆರಳು ಆ ಪದದ ಮೇಲೆ ಇಟ್ಟು ನನ್ನ ಕಡೆ ತಿರುಗಿದರು.

‘ಅವಳಿಗೆ ಅಮ್ಮ ಮತ್ತೆ ಸಿಕ್ತಾಳೇನೇ?’ ಅಂದರು.